ಹರಳೆಂದು ಕೂರಿಸಿದ ತಗಡು

ಕೆಲಸ: ಒಂದು ಜೊತೆ ಓಲೆ, ಒಂದು ಪದಕ. ಗಡುವು: ಹನ್ನೆರಡು ದಿನ. ಸಾಮಾನು: ಗಿರಾಕಿಯೇ ತಂದ, ಮೂರು ಲೋಹದ ಎಳೆ ಸೇರಿಸಿ ಮಾಡಿದ ತಗಡು, ಒಂದೇ ಒಂದು. ಜಾಗ: ಹಳೇ ದಾವಣಗೆರೆಯ ನಮ್ಮ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ಗ್ಯಾಸ್ ಟಾರ್ಚ್, ಅಪ್ಪನ ಕಾಲದ ಅಗ್ಗಿಷ್ಟಿಕೆ, ಪಕ್ಕದ ಮಣೆಯ ಮೇಲೆ ಹರಳು ಕೂರಿಸುತ್ತ ಕೂತಿರುವ ದೊಡ್ಡಪ್ಪ. ಈ ಕೆಲಸದಲ್ಲಿ ನಾನು ಒಂದು ಓಲೆ ಹಾಳು ಮಾಡಿದೆ. ಯಾಕೆ ಹಾಳಾಯಿತು, ಆಮೇಲೆ ಏನು ಮಾಡಿದೆ ಅನ್ನುವುದನ್ನು, ಮುಂದೆ ಇಂಥದೇ ತಗಡು ಕೈಗೆ ಬಂದವರಿಗಾಗಿ ಬರೆದಿಡುತ್ತಿದ್ದೇನೆ.

ಗಿರಾಕಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವ ಮೇಡಂ. ಅಮೆರಿಕದಲ್ಲಿರುವ ತಮ್ಮ ಅವರಿಗೆ ಈ ತಗಡು ತಂದುಕೊಟ್ಟಿದ್ದ. ಮೂರು ಇಂಚು ಉದ್ದ, ಎರಡು ಇಂಚು ಅಗಲ, ದಪ್ಪ 0.8 ಮಿಲಿಮೀಟರ್. ಕೆಂಪು, ಹಳದಿ, ಬಿಳಿ ಮೂರು ಬಣ್ಣದ ಗೆರೆಗಳು ಸಾಗುವಾನಿ ಹಲಗೆಯ ಎಳೆಯ ಹಾಗೆ ಸುತ್ತಿ ಸುತ್ತಿ ಹೋಗಿದ್ದವು. ನನಗೆ ಮರ ಕಂಡರೆ ಮೇಡಂಗೆ ಕಲ್ಲು ಕಂಡಿತು. "ಚಿತ್ರದುರ್ಗದ ಸುತ್ತ ಕೆಂಪು ಕಪ್ಪು ಪಟ್ಟೆ ಇರೋ ಕಬ್ಬಿಣದ ಕಲ್ಲು ಸಿಗ್ತದಲ್ರೀ ಆಚಾರ್ರೇ, ಥೇಟ್ ಹಂಗೇ ಐತಿ ನೋಡ್ರಿ" ಅಂದರು. ಹರಿಹರದಲ್ಲಿ ಅವರ ನಾದಿನಿಯ ಮಗಳ ಮದುವೆ. ಅಷ್ಟರೊಳಗೆ ಬೇಕು.

ಜಪಾನಿನವರು ಇದನ್ನು ಮೊಕುಮೆ ಗಾನೆ ಅನ್ನುತ್ತಾರೆ, ಮರದ ಎಳೆಯ ಲೋಹ ಅಂತ ಅರ್ಥ. 17ನೇ ಶತಮಾನದಲ್ಲಿ ಅಕಿತಾ ಸೀಮೆಯ ಶೋಆಮಿ ದೆನ್‌ಬೇ ಎಂಬ ಕುಶಲಕರ್ಮಿ ಕತ್ತಿಯ ಅಲಂಕಾರಕ್ಕೆ ಇದನ್ನು ಶುರು ಮಾಡಿದ ಅನ್ನುತ್ತಾರೆ. 1876ರಲ್ಲಿ ಅಲ್ಲಿ ಜನ ಕತ್ತಿ ಕಟ್ಟಿಕೊಂಡು ಓಡಾಡುವುದಕ್ಕೇ ನಿಷೇಧ ಬಂತು. ಕತ್ತಿ ಕೆಲಸ ನಂಬಿದವರು ಬೇರೆ ಸಾಮಾನಿನ ಕಡೆ ಹೊರಳಿದರು. ನಮ್ಮಲ್ಲಿ ತಾಮ್ರ ಹಿತ್ತಾಳೆ ಸೇರಿಸಿದ ಗಂಗಾ-ಜಮುನಾ ಚೊಂಬು ಹಳೆಯದು. ಆದರೆ ಅಲ್ಲಿ ಎರಡು ಲೋಹ ಅಕ್ಕಪಕ್ಕ ಇರುತ್ತವೆ, ಇಲ್ಲಿ ಒಂದರ ಮೇಲೊಂದು. ಹಾಳೆಗಳನ್ನು ಜೋಡಿಸಿ, ಕರಗಿಸದೆ, ಬಿಸಿಯಲ್ಲೇ ಒತ್ತಿ ಒಂದು ಮಾಡುತ್ತಾರೆ. ಚಿರೋಟಿಯ ಹಿಟ್ಟನ್ನು ಎಳೆ ಎಳೆಯಾಗಿ ಜೋಡಿಸಿದ ಹಾಗೆ ಅಂದುಕೊಳ್ಳಿ. ಆಮೇಲೆ ಮೇಲುಗಡೆ ಉಳಿಯಿಂದ ಕುಳಿ ತೋಡಿ, ಮಿಷನ್ನಿಗೆ ಕೊಟ್ಟು ಚಪ್ಪಟೆ ಮಾಡಿದರೆ ಕೆಳಗಿನ ಎಳೆಗಳು ಮೇಲೆ ಬಂದು ಗೆರೆಯಾಗುತ್ತವೆ. ಅಂದರೆ ಚಿತ್ತಾರ ಬಣ್ಣದಂತೆ ಮೇಲೆ ಬಳಿದದ್ದಲ್ಲ, ತಗಡಿನ ದಪ್ಪದಲ್ಲೇ ಇರುತ್ತದೆ. ಅರ ಹಾಕಿದಷ್ಟೂ ಅದು ಬದಲಾಗುತ್ತ ಹೋಗುತ್ತದೆ.

ಕೆಂಪು ಗೆರೆ ತಾಮ್ರ, ಹಳದಿ ಹಿತ್ತಾಳೆ. ಬಿಳಿ ಗೆರೆ ಬೆಳ್ಳಿಯೋ, ಜರ್ಮನ್ ಸಿಲ್ವರೋ ಅನ್ನುವುದು ಮೊದಲ ಪ್ರಶ್ನೆ. ಜರ್ಮನ್ ಸಿಲ್ವರ್ ಅಂತ ನಮ್ಮ ಪೇಟೆಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ದೀಪ ಎಲ್ಲ ಮಾರುತ್ತಾರಲ್ಲ, ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇರುವುದಿಲ್ಲ. ತಾಮ್ರ, ನಿಕ್ಕಲ್, ಸತು, ಅಷ್ಟೇ. ನಿಕ್ಕಲ್ ಕೆಲವರ ಕಿವಿಗೆ ಆಗಿಬರುವುದಿಲ್ಲ, ತುರಿಕೆ ಏಳುತ್ತದೆ. ಮೂಲೆಯಿಂದ ಚೂರು ಕತ್ತರಿಸಿ, ಬಿಳಿ ಗೆರೆಯನ್ನೇ ಕೆರೆದು, ಬಂದ ಪುಡಿಯ ಮೇಲೆ ನೈಟ್ರಿಕ್ ಆಸಿಡ್ ಒಂದು ಹನಿ ಬಿಟ್ಟೆ. ಅದಕ್ಕೆ ಉಪ್ಪಿನ ನೀರು ಸೇರಿಸಿದ ಕೂಡಲೇ ಹಾಲು ಒಡೆದ ಹಾಗೆ ಬಿಳಿ ಗಸಿ ನಿಂತಿತು. ಬೆಳ್ಳಿಯೇ. ನನಗೆ ಖುಷಿಯಾಯಿತು. ಆ ಖುಷಿಯೇ ಮುಂದೆ ದಾರಿ ತಪ್ಪಿಸಿತು ಅಂತ ಈಗ ಅನ್ನಿಸುತ್ತದೆ. ಬೆಳ್ಳಿ ಅಂದ ಮೇಲೆ ಬೆಳ್ಳಿ ಕೆಲಸದ ಹಾಗೇ ಮಾಡಿದರಾಯಿತು ಅಂತ ಕೈ ತಾನೇ ತೀರ್ಮಾನ ಮಾಡಿಬಿಟ್ಟಿತ್ತು.

ತಗಡಿನ ಯಾವ ಭಾಗ ಯಾವುದಕ್ಕೆ ಅನ್ನುವುದರಲ್ಲೇ ಒಂದು ಸಂಜೆ ಹೋಯಿತು. ಮದುವೆ ಕಾರ್ಡಿನಲ್ಲಿ 22 ಮಿಲಿಮೀಟರಿನ ಗುಂಡು ಕಿಟಕಿ ಕತ್ತರಿಸಿ, ತಗಡಿನ ಮೇಲೆ ಸರಿಸುತ್ತ ನೋಡಿದೆವು. ಮೇಡಂಗೆ ಎರಡು ಓಲೆಯೂ ಒಂದೇ ತರ ಬೇಕಿತ್ತು. ಅಚ್ಚು ಹೊಡೆದ ಮಾಲಲ್ಲ ಮೇಡಂ, ಇದರಲ್ಲಿ ಅವಳಿ ಸಿಗಲ್ಲ, ಅಕ್ಕ ತಂಗಿ ಸಿಗ್ತಾರೆ ಅಂದೆ. ಒಪ್ಪಿದರು. ಪದಕಕ್ಕೆ 40 ಮಿಲಿಮೀಟರ್ ಉದ್ದದ ಹನಿಯಾಕಾರ, ಓಲೆಗೆ ಎರಡು ಬಿಲ್ಲೆ. ಉಳಿದದ್ದರಲ್ಲಿ ಇನ್ನೊಂದು ಬಿಲ್ಲೆ ಬರುವಷ್ಟು ಜಾಗ, ಒಂದಿಷ್ಟು ಚೂರು. ಆ ಚೂರಿನ ಮೇಲೆ ಮೊದಲು ಬೆಂಕಿ ಹಿಡಿದು ನೋಡಬೇಕಿತ್ತು. ನೋಡಲಿಲ್ಲ.

ಓಲೆಯ ಹಿಂಭಾಗಕ್ಕೆ ತಿರುಪಿನ ಕಡ್ಡಿ ಬೆಸೆಯಬೇಕು. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಬಿಲ್ಲೆಯನ್ನು ಇದ್ದಿಲಿನ ಮೇಲೆ ಬೋರಲು ಹಾಕಿ, ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು, ಟ್ಯೂಬ್‌ಲೈಟ್ ಆರಿಸಿ ಟಾರ್ಚ್ ಹಿಡಿದೆ. ಕತ್ತಲಲ್ಲಿ ಲೋಹದ ಬಣ್ಣ ನೋಡಿಯೇ ನಾವು ಕಾವು ಅಳೆಯುವುದು. ಆದರೆ ಈ ತಗಡಿನಲ್ಲಿ ತಾಮ್ರದ ಗೆರೆ ಕಾವು ತಾಗಿದ ಕೂಡಲೇ ಕಪ್ಪಿಟ್ಟಿತು. ಬೆಳ್ಳಿ ಗೆರೆ ಬೆಳ್ಳಗೇ ಇತ್ತು. ಕೆಂಪು ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಅಂತ ಗೊತ್ತೇ ಆಗಲಿಲ್ಲ. ಬೆಸುಗೆ ಇನ್ನೂ ಮಿಂಚಿರಲಿಲ್ಲ, ಇನ್ನೊಂದು ಉಸಿರು ಹಿಡಿಯೋಣ ಅಂತ ಹಿಡಿದೆ. ಆಗ ಬಿಲ್ಲೆಯ ನಡುವೆ ದೋಸೆ ಉಬ್ಬಿದ ಹಾಗೆ ಒಂದು ಗುಳ್ಳೆ ಎದ್ದಿತು. ಟಾರ್ಚ್ ತೆಗೆಯುವಷ್ಟರಲ್ಲಿ ಅಂಚಿನಿಂದ ಒಂದು ಹನಿ ಲೋಹ ಬೆವರಿನಂತೆ ಹೊರಬಂದು ನಿಂತಿತು.

ಹುಣಸೆ ಹುಳಿಯಲ್ಲಿ ಹಾಕಿ ತೆಗೆದೆ. ಮುಂಭಾಗ ನೋಡಿದರೆ, ಉಗುರಿನಷ್ಟು ಜಾಗದಲ್ಲಿ ಬೆಳ್ಳಿ ಮತ್ತು ಹಿತ್ತಾಳೆಯ ಗೆರೆಗಳು ಒಂದರೊಳಗೊಂದು ಕಲಸಿಹೋಗಿ ಮಾಸಲು ಹಳದಿಯ ಕೆರೆಯಾಗಿತ್ತು. ಉಳಿದ ಕಡೆ ಹಿತ್ತಾಳೆಯ ಗೆರೆಗಳು ತಾಮ್ರದಂತೆ ಕೆಂಪಾಗಿದ್ದವು. ಕಾದ ಹಿತ್ತಾಳೆ ಹುಳಿಗೆ ಬಿದ್ದರೆ ಮೈಮೇಲಿನ ಸತು ಹೋಗಿ ತಾಮ್ರ ಉಳಿಯುತ್ತದೆ, ಅದು ಉಜ್ಜಿದರೆ ಹೋಗುವಂಥದ್ದು. ಕೆರೆಯಾದದ್ದು ಮಾತ್ರ ಹೋಗುವಂಥದ್ದಲ್ಲ.

ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಚ್ಚಿಡುವುದಕ್ಕೆ ಅದು ನನ್ನ ತಗಡಲ್ಲವಲ್ಲ. ಸಂಜೆ ಕಾಲೇಜು ಮುಗಿಸಿ ಬಂದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಬಿಲ್ಲೆಯನ್ನು ಕೈಗೆ ತಗೊಂಡು, ನನ್ನ ಭೂತಗನ್ನಡಿ ಕೇಳಿ, ಹದಿನೈದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ನನ್ನ ಬಿಲ್ ಪುಸ್ತಕದ ಹಾಳೆ ಹಿಂದೆ ತಿರುಗಿಸಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡು ಗೆರೆ ಎಳೆದರು.

"ಬೆಳ್ಳಿ ಎಷ್ಟಕ್ಕೆ ಕರಗ್ತದೆ?"

"962 ಡಿಗ್ರಿ."

"ತಾಮ್ರ?"

"1085."

"ಎರಡೂ ಕೂಡಿದ್ರೆ ಎಷ್ಟಕ್ಕೆ ಕರಗಬೇಕು?"

ನಡುವೆ ಎಲ್ಲೋ ಅಂದೆ. ಅವರು ವಿ ಅಕ್ಷರದ ತುದಿಗೆ ಚುಕ್ಕಿ ಇಟ್ಟರು. ಬೆಳ್ಳಿ ಸುಮಾರು 72 ಭಾಗ, ತಾಮ್ರ 28 ಭಾಗ ಕೂಡಿದರೆ 779ಕ್ಕೇ ಕರಗುತ್ತದೆ, ಎರಡಕ್ಕಿಂತ ಕೆಳಗೆ. ಕಲ್ಲುಗಳಲ್ಲೂ ಹೀಗೇ, ಭೂಮಿಯೊಳಗೆ ಎರಡು ಖನಿಜ ಒಂದನ್ನೊಂದು ಮುಟ್ಟಿಕೊಂಡ ಕಡೆ ಮೊದಲು ಕರಗುತ್ತದೆ ಅಂದರು. ತಾಮ್ರ ಬೆಳ್ಳಿ ಬೇರೆ ಬೇರೆ ಇದ್ದರೆ ತಡೆಯುವ ಕಾವನ್ನು ಅವು ಮೈಗೆ ಮೈ ತಾಗಿಸಿಕೊಂಡಾಗ ತಡೆಯುವುದಿಲ್ಲ.

ಅಲ್ಲಿಗೆ ನನಗೆ ಇನ್ನೊಂದು ಹೊಳೆಯಿತು. ಇದು ಪುಸ್ತಕದ ಮಾತಲ್ಲ, ನನ್ನ ಮೇಜಿನದೇ ಮಾತು. ಬೆಳ್ಳಿಯ ಬೆಸುಗೆಯನ್ನು ನಾವು ಯಾವುದರಿಂದ ಮಾಡುತ್ತೇವೆ? ಬೆಳ್ಳಿಗೆ ತಾಮ್ರ, ಸತು ಸೇರಿಸಿ. ಅಪ್ಪ ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ, ಅದಕ್ಕೆ ಹಿತ್ತಾಳೆಯ ಚೂರನ್ನೇ ಹಾಕುತ್ತಿದ್ದರು. ತಾಮ್ರ, ಸತು ಎರಡೂ ಅದರಲ್ಲೇ ಇರುತ್ತವಲ್ಲ. ಕಾರ್ಖಾನೆಯ ಬೆಸುಗೆಯಲ್ಲಿ 45 ಭಾಗ ಬೆಳ್ಳಿ, 30 ತಾಮ್ರ, 25 ಸತು ಇರುವ ಒಂದು ಜಾತಿ ಇದೆ. ಅದು ಸುಮಾರು 670 ಡಿಗ್ರಿಗೆ ಬೆವರಲು ಶುರುವಾಗಿ 743ಕ್ಕೆ ನೀರಾಗುತ್ತದೆ. ಈ ತಗಡಿನಲ್ಲಿ ಬೆಳ್ಳಿ ಎಳೆ, ಹಿತ್ತಾಳೆ ಎಳೆ ಒಂದನ್ನೊಂದು ಒತ್ತಿಕೊಂಡು ಮಲಗಿವೆ. ಅಂದರೆ ನಾನು ಬೆಸುಗೆಯ ಚೂರಿಟ್ಟು ಕಾಯಿಸಿದ್ದು ಲೋಹದ ಮೇಲಲ್ಲ, ಬೆಸುಗೆ ಆಗಲು ಕಾದು ಕೂತಿದ್ದ ತಗಡಿನ ಮೇಲೆ. ನಾನಿಟ್ಟ ಚೂರು ಕರಗುವ ಮೊದಲೇ ತಗಡು ಒಳಗಿನಿಂದ ಕರಗಿತ್ತು.

ಅಂಚಿನಲ್ಲಿ ಇನ್ನೂ ಒಂದು ಸಾಕ್ಷಿ ಇತ್ತು. ಬಿಲ್ಲೆಯ ಅಂಚನ್ನು ಎಮರಿ ಪೇಪರಿನಲ್ಲಿ ನಯ ಮಾಡಿ ಭೂತಗನ್ನಡಿಯಲ್ಲಿ ನೋಡಿದರೆ ಎಳೆಗಳನ್ನು ಎಣಿಸಬಹುದಿತ್ತು, ಹದಿಮೂರು. ಅದರಲ್ಲಿ ಒಂದು ಕಡೆ, ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ, ಕೂದಲಿನಷ್ಟು ಕಪ್ಪು ಗೆರೆ. ಅಲ್ಲಿ ಎಳೆಗಳು ಅಂಟಿರಲೇ ಇಲ್ಲ. ಸಿಕ್ಕಿಬಿದ್ದ ಗಾಳಿ ಕಾದು ಹಿಗ್ಗಿ ಗುಳ್ಳೆ ಎಬ್ಬಿಸಿತ್ತು. ಇಂಥ ಸಂದಿಯಲ್ಲಿ ಹುಳಿ ನೀರು ಸೇರಿಕೊಂಡರೆ ಇನ್ನೊಂದು ಪೀಡೆ. ಎಷ್ಟು ತೊಳೆದರೂ ಹೋಗದೆ, ಕೆಲವು ದಿನ ಬಿಟ್ಟು ಹಸಿರು ಕಿಲುಬಾಗಿ ಹೊರಗೆ ಬರುತ್ತದೆ. ಹಾಳಾದ ಬಿಲ್ಲೆಯನ್ನು ಸುಮ್ಮನೆ ಡಬ್ಬಿಯಲ್ಲಿಟ್ಟು ನೋಡಿದೆ, ವಾರದೊಳಗೆ ಆ ಗೆರೆಗುಂಟ ಕಿಲುಬು ಬಂದೇಬಿಟ್ಟಿತು. ಹಾಳಾದದ್ದರ ಬದಲಿಗೆ ತಗಡಿನಲ್ಲಿ ಉಳಿದಿದ್ದ ಜಾಗದಿಂದ ಇನ್ನೊಂದು ಬಿಲ್ಲೆ ಕತ್ತರಿಸಿದೆ. ಎರಡೂ ಬಿಲ್ಲೆ, ಪದಕದ ಅಂಚುಗಳನ್ನೂ ಹೀಗೇ ನೋಡಿದೆ. ಅವು ಗಟ್ಟಿ ಇದ್ದವು. ಆದರೂ ಅವಕ್ಕೆ ಇನ್ನು ಬೆಂಕಿ ತೋರಿಸುವ ಧೈರ್ಯ ಇರಲಿಲ್ಲ.

ಹಾಗಾದರೆ ಕಡ್ಡಿ ನಿಲ್ಲುವುದು ಹೇಗೆ? ಬೀದಿಯ ಕೊನೆಯ ಅಂಗಡಿಯವರು ಸೀಸದ ಬೆಸುಗೆ ಹಾಕು ಅಂದರು. ಅದು 183 ಡಿಗ್ರಿಯಲ್ಲೇ ಕರಗುತ್ತದೆ ನಿಜ. ಕಿವಿಯ ಒಡವೆಗೆ ಸೀಸ ನಾನು ಹಾಕುವುದಿಲ್ಲ. ಹಾಕಿದರೂ ಅದು ಮೆತ್ತಗೆ, ತಿರುಪು ಬಿಗಿ ಮಾಡುವ ಹೊತ್ತಿಗೆ ಕಿತ್ತು ಬರುತ್ತದೆ. ಮುಂದೆ ಯಾರೋ ರಿಪೇರಿಗೆ ಕೂತು ಗೊತ್ತಿಲ್ಲದೆ ಬೆಳ್ಳಿ ಬೆಸುಗೆಯ ಕಾವು ಕೊಟ್ಟರೆ ಆ ಸೀಸ ಬೆಳ್ಳಿಯನ್ನೇ ತಿಂದುಹಾಕುತ್ತದೆ. ಅಂಟು ಹಾಕು ಅಂದವರೂ ಇದ್ದರು. ಅದರ ಬಗ್ಗೆ ಏನೂ ಹೇಳುವುದಿಲ್ಲ.

ದಾರಿ ತೋರಿಸಿದ್ದು ದೊಡ್ಡಪ್ಪ. ಮೂರು ದಿನದಿಂದ ನನ್ನ ಒದ್ದಾಟ ನೋಡುತ್ತ ಕೂತಿದ್ದರು. "ಲೇ, ಹವಳಕ್ಕೆ ಬೆಂಕಿ ಹಿಡೀತೀಯೇನು?" ಅಂದರು.

"ಇಲ್ಲ."

"ಮುತ್ತಿಗೆ?"

"ಹಿಡಿಯೋದಿಲ್ಲ ದೊಡ್ಡಪ್ಪ."

"ಮತ್ತೆ ಇದನ್ನೂ ಹವಳ ಅಂತ ತಿಳ್ಕೊ. ಲೋಹ ಅಂತ ಯಾಕೆ ನೋಡ್ತಿ?"

ಅಷ್ಟೇ ಅಂದು ತಮ್ಮ ಕೆಲಸಕ್ಕೆ ಬಗ್ಗಿದರು. ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು. ಹರಳಿಗೆ ಮನೆ ಕಟ್ಟುವ ಹಾಗೆ ಬಿಲ್ಲೆಗೆ ಬೆಳ್ಳಿಯ ಮನೆ. ತಳಕ್ಕೆ 925 ಬೆಳ್ಳಿಯ (ಸಾವಿರಕ್ಕೆ 925 ಭಾಗ ಬೆಳ್ಳಿ) 0.5 ಮಿಲಿಮೀಟರ್ ತಗಡು, ಗೋಡೆಗೆ ಶುದ್ಧ ಬೆಳ್ಳಿಯ 0.3 ಮಿಲಿಮೀಟರ್ ಪಟ್ಟಿ. ಗೋಡೆಗೆ ಶುದ್ಧ ಬೆಳ್ಳಿ ಯಾಕೆಂದರೆ ಅದು ಮೃದು, ಮಡಿಸಿದರೆ ಮಾತು ಕೇಳುತ್ತದೆ. ತಳ, ಗೋಡೆ, ಕಡ್ಡಿ ಎಲ್ಲ ಬೆಸುಗೆಯೂ ಮೊದಲೇ ಮುಗಿದು, ಹುಳಿಯಲ್ಲಿ ತೊಳೆದು, ಅಡುಗೆ ಸೋಡಾ ನೀರಲ್ಲಿ ಅದ್ದಿ, ಒಣಗಿಸಿ ಆಯಿತು. ಬೆಂಕಿಯ ಕೆಲಸ ಮುಗಿದ ಮೇಲೆಯೇ ಬಿಲ್ಲೆ ಒಳಗೆ ಹೋಗಬೇಕು. ಆಮೇಲೆ ಗೋಡೆಯ ಅಂಚನ್ನು ಸುತ್ತಲೂ ಒತ್ತಿ ಬಿಲ್ಲೆಯ ಮೇಲೆ ಮಡಿಸುವುದು. ಎದುರು ಬದುರು ಒತ್ತುತ್ತ ಹೋಗಬೇಕು, ಒಂದೇ ಕಡೆಯಿಂದ ಶುರು ಮಾಡಿದರೆ ಕೊನೆಗೆ ಸುಕ್ಕು ಉಳಿಯುತ್ತದೆ. ಆ ಕೆಲಸವನ್ನು ದೊಡ್ಡಪ್ಪನೇ ಮಾಡಿಕೊಟ್ಟರು.

ತಳದ ನಡುವೆ, ಕಡ್ಡಿಯ ಪಕ್ಕದಲ್ಲಿ, ಎರಡು ಮಿಲಿಮೀಟರಿನ ತೂತು ಬಿಟ್ಟೆ. ಮುಂದೆ ಯಾವತ್ತಾದರೂ ಬಿಲ್ಲೆ ಹೊರಗೆ ತೆಗೆಯಬೇಕಾದರೆ ಹಿಂದಿನಿಂದ ಕಡ್ಡಿ ಹಾಕಿ ದೂಡಬಹುದು. ತೂತಿಗೆ ಜೇನುಮೇಣ ತುಂಬಿದೆ, ಬೆವರು ಒಳಗೆ ಇಳಿಯಬಾರದು ಅಂತ.

ಇದರಲ್ಲಿ ಒಂದು ನಷ್ಟ: ತೂಕ. ಲೆಕ್ಕ ಹಾಕಿದರೆ ಒಂದೊಂದು ಓಲೆ ಆರು ಗ್ರಾಮಿನ ಹತ್ತಿರ ಬರುತ್ತಿತ್ತು. ಕಿವಿ ಜಗ್ಗುತ್ತದೆ. ತಗಡನ್ನು ತೆಳು ಮಾಡಬೇಕು, ಆದರೆ ಅರ ಹಾಕಿದರೆ ಚಿತ್ತಾರ ಬದಲಾಗುತ್ತದೆ. ಉತ್ತರ ಎದುರಿಗೇ ಇತ್ತು, ಬಿಲ್ಲೆಯ ಬೆನ್ನು ಇನ್ನು ಯಾರಿಗೂ ಕಾಣುವುದಿಲ್ಲ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಬೆನ್ನನ್ನು ಮಾತ್ರ ಉಜ್ಜಿ 0.8ರಿಂದ 0.6ಕ್ಕೆ ಇಳಿಸಿದೆ. ಓಲೆಯೊಂದಕ್ಕೆ ಮುಕ್ಕಾಲು ಗ್ರಾಮಿನಷ್ಟು ಉಳಿಯಿತು, ಮುಂಭಾಗದ ಒಂದು ಗೆರೆಯೂ ಅಲುಗಲಿಲ್ಲ.

ಪದಕಕ್ಕೆ ಮನೆ ಕಟ್ಟಲಿಲ್ಲ. ಅಂಚಿನ ಎಳೆಗಳು ಕಾಣಬೇಕು ಅಂತ ಮೇಡಂ ಹಟ, ಭೂವಿಜ್ಞಾನದವರಿಗೆ ಅಡ್ಡಕೊಯ್ತವೇ ಮುಖ್ಯ. ಹಾಗಾಗಿ ಮೇಲುಗಡೆ ಎರಡು ತೂತು ಕೊರೆದು, 1.2 ಮಿಲಿಮೀಟರಿನ ಬೆಳ್ಳಿ ತಂತಿಯ ರಿವಿಟ್ಟಿನಿಂದ ಬೆಳ್ಳಿಯ ಕೊಂಡಿ ಜೋಡಿಸಿದೆ. ತಂತಿ ಎರಡೂ ಕಡೆ ತನ್ನ ದಪ್ಪದ ಅರ್ಧದಷ್ಟು, ಅಂದರೆ 0.6 ಮಿಲಿಮೀಟರ್, ಹೊರಗೆ ಇರಬೇಕು. ಹೆಚ್ಚಾದರೆ ಬಡಿಯುವಾಗ ಬಾಗುತ್ತದೆ, ಕಮ್ಮಿಯಾದರೆ ತಲೆ ಕಟ್ಟುವುದಿಲ್ಲ. ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ, ತಿರುಗಿಸುತ್ತ ತಿರುಗಿಸುತ್ತ ಬಡಿಯುವುದು.

ಬಣ್ಣದ ವಿಷಯಕ್ಕೆ ಬರುತ್ತೇನೆ. ಹೊಳಪು ಕೊಟ್ಟ ಕೂಡಲೇ ಈ ತಗಡು ಸಪ್ಪೆಯಾಗುತ್ತದೆ, ಮೂರು ಲೋಹವೂ ಕನ್ನಡಿಯಂತೆ ಮಿಂಚಿ ಗೆರೆ ಮಂಕಾಗುತ್ತದೆ. ತಾಮ್ರವನ್ನು ಕಪ್ಪು ಮಾಡಬೇಕು, ಬೆಳ್ಳಿ ಬೆಳ್ಳಗಿರಬೇಕು. ಆದರೆ ಗಂಧಕದ ದ್ರಾವಣಕ್ಕೆ ಅದ್ದಿದರೆ ಬೆಳ್ಳಿಯೂ ಕಪ್ಪಾಗುತ್ತದೆ. ಬೆಳ್ಳಿಯ ಮೇಲಿನ ಕಪ್ಪು ಮಾತ್ರ ಉಜ್ಜಿ ತೆಗೆಯೋಣ ಅಂದರೆ ಎಲ್ಲ ಒಂದೇ ಮಟ್ಟದಲ್ಲಿವೆ. ಅದಕ್ಕೆ ಮೊದಲು ಫೆರಿಕ್ ಕ್ಲೋರೈಡ್ ಬೇಕು. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುವವರಿಗೆ ಅಂತ ಮಾರುತ್ತಾರೆ. ಅದು ತಾಮ್ರ ಹಿತ್ತಾಳೆಯನ್ನು ತಿನ್ನುತ್ತದೆ, ಬೆಳ್ಳಿಯನ್ನು ಬಿಟ್ಟುಬಿಡುತ್ತದೆ. ಈ ಸಲ ಬುದ್ಧಿ ಬಂದಿತ್ತು, ಮೊದಲು ಚೂರಿನ ಮೇಲೆ ನೋಡಿದೆ. ಉಗುರು ಎಳೆದರೆ ಬೆಳ್ಳಿಯ ಗೆರೆ ತಡೆಯುವಷ್ಟು ಆಳವಾದ ಕೂಡಲೇ ತೆಗೆದು ಸೋಡಾ ನೀರಿಗೆ ಹಾಕಿದೆ. ಆಮೇಲೆ ಗಂಧಕದ ದ್ರಾವಣ, ಎಲ್ಲ ಕಪ್ಪು. ಆಮೇಲೆ ಗಾಜಿನ ಮೇಲೆ ಹಾಸಿದ 1200ರ ಎಮರಿಯಲ್ಲಿ ನಾಲ್ಕೇ ಎಳೆತ. ಎತ್ತರದಲ್ಲಿದ್ದ ಬೆಳ್ಳಿ ಮಾತ್ರ ಕಾಗದಕ್ಕೆ ತಾಗಿ ಬೆಳ್ಳಗಾಯಿತು. ತಾಮ್ರ ಕೆಳಗೆ ಹುರಿದ ಕಾಫಿ ಬೀಜದ ಬಣ್ಣದಲ್ಲಿ ಉಳಿಯಿತು. ಹಿತ್ತಾಳೆ ಗಂಧಕಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ, ಮಾಸಲು ಚಿನ್ನದ ಹಾಗೆ ನಡುವೆ ನಿಂತಿತು. ಇದೆಲ್ಲ ಬಿಲ್ಲೆಯನ್ನು ಮನೆಗೆ ಕೂರಿಸುವ ಮೊದಲೇ ಮುಗಿಯಬೇಕು. ತಿಂದು ಮುಗಿದ ದ್ರಾವಣವನ್ನು ಚರಂಡಿಗೆ ಚೆಲ್ಲಬೇಡಿ, ಅದರಲ್ಲಿ ತಾಮ್ರ ಕರಗಿರುತ್ತದೆ. ನನ್ನದು ಇನ್ನೂ ಒಂದು ಬಾಟಲಿಯಲ್ಲಿ ಮುಚ್ಚಳ ಬಿಗಿದು ಕೂತಿದೆ.

ಈ ತಗಡಿನ ಅರದ ಪುಡಿಯನ್ನು ಬೆಳ್ಳಿ ಪುಡಿಯ ಡಬ್ಬಿಗೆ ಸೇರಿಸಲೂಬಾರದು. ಸೇರಿದರೆ ಮುಂದಿನ ಸಲ ಕರಗಿಸಿದ ಬೆಳ್ಳಿಯ ಟಂಚು, ಅಂದರೆ ಶುದ್ಧತೆ, ಬಿದ್ದುಹೋಗುತ್ತದೆ. ಬೇರೆ ಡಬ್ಬಿ ಇಟ್ಟೆ.

ಬಿಲ್ ಬರೆಯುವಾಗ ಮೇಡಂ ಜೊತೆ ಅವರ ಅತ್ತೆಯವರೂ ಬಂದಿದ್ದರು. ಹಿರಿಯರು ಓಲೆಯನ್ನು ಕೈಯಲ್ಲಿ ತೂಗಿ ನೋಡಿ ಕೇಳಿದ್ದು ಒಂದೇ ಮಾತು: "ಗ್ರಾಮಿಗೆ ಎಷ್ಟಪ್ಪ?" ದಾವಣಗೆರೆಯಲ್ಲಿ ಇದನ್ನು ತಪ್ಪಿಸಿಕೊಳ್ಳುವ ಒಡವೆ ಇಲ್ಲ. ಇಡೀ ಓಲೆಯನ್ನು ಬೆಳ್ಳಿ ಅಂತ ಬರೆದರೆ ಅದು ಸುಳ್ಳಾಗುತ್ತದೆ. ಹಾಗಾಗಿ ಬಿಲ್ಲಿನಲ್ಲಿ ಎರಡು ಸಾಲು ಬರೆದೆ. ಮನೆ, ಕಡ್ಡಿ, ತಿರುಪು, ಕೊಂಡಿ, ರಿವಿಟ್ಟು ಇಷ್ಟು 925 ಬೆಳ್ಳಿ ಮತ್ತು ಶುದ್ಧ ಬೆಳ್ಳಿ, ಕೂರಿಸುವ ಮೊದಲೇ ತೂಗಿದ್ದು. ತಗಡು ಗಿರಾಕಿಯದು, ತಾಮ್ರ ಹಿತ್ತಾಳೆ ಬೆಳ್ಳಿ ಮಿಶ್ರ, ತೂಕಕ್ಕೆ ಬೆಲೆ ಇಲ್ಲ. ಮಜೂರಿ ಬೇರೆ. ಹಾಳು ಮಾಡಿದ ಬಿಲ್ಲೆಗೆ ಮಜೂರಿಯಲ್ಲಿ ಕಾಲು ಭಾಗ ಬಿಟ್ಟೆ. ಮೇಡಂ ಬೇಡ ಅಂದರು, ಅವರ ಅತ್ತೆ ಬೇಕು ಅಂದರು.

"ನಾಳೆ ವಾಪಸ್ ಕೊಟ್ರೆ ಎಷ್ಟು ಬರ್ತದೆ?"

"ಮೊದಲನೇ ಸಾಲಿಗೆ ಬೆಳ್ಳಿ ರೇಟು ಬರ್ತದೆ ಅಮ್ಮ. ಎರಡನೇ ಸಾಲಿಗೆ ಏನೂ ಬರೋದಿಲ್ಲ."

"ಅಂದ್ರೆ ಚಂದಕ್ಕೆ ದುಡ್ಡಿಲ್ಲ ಅನ್ನು" ಅಂದರು ಅವರು.

ಮದುವೆ ಮುಗಿದು ಮೂರು ತಿಂಗಳಿಗೆ ಮೇಡಂ ಪದಕ ಹಿಡಿದುಕೊಂಡು ಬಂದರು. ಮುಖ ಸಪ್ಪಗಿತ್ತು. ಪದಕ ಮಾತ್ರ ಹೊಸ ಚೊಂಬಿನ ಹಾಗೆ ಫಳಫಳ ಅನ್ನುತ್ತಿತ್ತು, ಗೆರೆ ಹುಡುಕಿ ನೋಡಬೇಕು. ನಡೆದದ್ದು ಇಷ್ಟು: ಕತ್ತಿನ ಬೆವರಿಗೆ ಪದಕದ ಹಿಂದೆ ಸ್ವಲ್ಪ ಹಸಿರು ಕಿಲುಬು ಬಂದಿತ್ತು. ಅತ್ತೆಯವರು ನೋಡಿ, ತಾಮ್ರ ಕಪ್ಪಾದರೆ ಮನೆಗೆ ಒಳ್ಳೆಯದಲ್ಲ ಅಂತ, ಶುಕ್ರವಾರ ದೇವರ ಸಾಮಾನಿನ ಜೊತೆ ಇದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ತೊಳೆದಿದ್ದಾರೆ. ಅವರ ತಪ್ಪೇನಿಲ್ಲ. ಮಿಶ್ರ ಲೋಹ ಅಂತ ಬಿಲ್ಲಿನಲ್ಲಿ ಬರೆದವನು ಹುಣಸೆಹಣ್ಣು ಹಾಕಬಾರದು ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಸೋಪಿನ ನೀರು, ಮೆತ್ತನೆ ಬಟ್ಟೆ, ಮೇಲೆ ಒಂಚೂರು ಜೇನುಮೇಣ. ಅದಕ್ಕಿಂತ ಹೆಚ್ಚು ಏನೂ ಬೇಡ.

ಉಗುರು ಎಳೆದು ನೋಡಿದೆ. ಬೆಳ್ಳಿಯ ಗೆರೆ ಇನ್ನೂ ಉಗುರಿಗೆ ತಡೆಯುತ್ತಿತ್ತು. ಹೋದದ್ದು ಬಣ್ಣ, ಆಳ ಹೋಗಿರಲಿಲ್ಲ. ಹತ್ತು ನಿಮಿಷದ ಕೆಲಸ, ಕೂತಿರಿ ಮೇಡಂ, ಮತ್ತೆ ಕಪ್ಪು ಮಾಡಿಕೊಡ್ತೀನಿ ಅಂದೆ. ಗಂಧಕದ ಬಾಟಲಿ ತೆಗೆಯುವಷ್ಟರಲ್ಲಿ ಅವರ ಫೋನ್ ಬಂತು. ಆ ಕಡೆಯಿಂದ ಅತ್ತೆಯವರ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಪದಕ ಕಪ್ಪು ಮಾಡಿಸುವುದಾದರೆ ನಿನಗೇ ಇರಲಿ, ಹಿಂಗೇ ಬೆಳ್ಳಗಿದ್ದರೆ ನಾನು ಹಾಕಿಕೊಳ್ಳುತ್ತೇನೆ ಅಂತ.

ಮೇಡಂ ಒಂದು ಗಳಿಗೆ ಯೋಚಿಸಿ, ಬಾಟಲಿಯ ಮುಚ್ಚಳ ಹಾಕಲು ಹೇಳಿದರು. ಓಲೆ ಈಗಲೂ ಕಾಫಿ ಬೀಜದ ಬಣ್ಣದಲ್ಲಿ ಅವರ ಕಿವಿಯಲ್ಲಿವೆ. ಪದಕ ಅತ್ತೆಯವರ ಕತ್ತಿನಲ್ಲಿದೆ, ಶುಕ್ರವಾರಕ್ಕೊಮ್ಮೆ ಹುಣಸೆಹಣ್ಣು ಕಾಣುತ್ತದೆ.